ಗಾಲಿಗೊಂದು ನಿಂಬೆಹಣ್ಣು

ಹಾರ ಬೀಳುವ ತನಕ ಅದು ಬರೀ ಎಂಜಿನ್ನಾಗಿತ್ತು. ಚೆನ್ನಯ್ಯ ಅದರ ಹೊಟ್ಟೆಯೊಳಗೆ ತೂರಬಹುದಾಗಿತ್ತು, ನೆತ್ತಿ ಹತ್ತಬಹುದಾಗಿತ್ತು. ಲೈನು ಹಾಕುವ ಕಾಲಕ್ಕೆ ಜಲ್ಲಿ ಎಳೆದು, ಆಮೇಲೆ ಯಾರಿಗೂ ಬೇಡವಾಗಿ, ಹೊಳೆನರಸೀಪುರದ ಸ್ಟೇಷನ್ನಿನ ಹಿಂದೆ ಕತ್ತಾಳೆ ಮೆಳೆಯಲ್ಲಿ ಹನ್ನೆರಡು ವರ್ಷ ತುಕ್ಕು ಹಿಡಿದಿದ್ದ ಪುಟ್ಟ ಎಂಜಿನ್ನು. ಅದನ್ನು ಸೀಮೆಎಣ್ಣೆ, ಹರಳೆಣ್ಣೆ ಹಾಕಿ ಉಜ್ಜಿ, ಉರುಳುವಂತೆ ಮಾಡಿದವನು ಚೆನ್ನಯ್ಯನೇ. ರೈಲ್ವೆ ಗ್ಯಾಂಗಿನಲ್ಲಿ ಇಪ್ಪತ್ತು ವರ್ಷ ಹಳಿ ಹೊತ್ತವನು. ಊರವರು ಮುಟ್ಟಿಸಿಕೊಳ್ಳದ ಕೇರಿಯವನು.

ಎಂಜಿನ್ನು ಬೇಕಾಗಿದ್ದದ್ದು ಚಂದ್ರಶೇಖರಯ್ಯ ಮೇಷ್ಟ್ರಿಗೆ, ತಮ್ಮ ವಸ್ತುಸಂಗ್ರಹಾಲಯಕ್ಕೆ. ಸಂಗ್ರಹಾಲಯವೆಂದರೆ ಸ್ಕೂಲಿನ ಪಕ್ಕದ ಒಂದು ಶೆಡ್ಡು. ಅದರಲ್ಲಿ ಸದ್ಯಕ್ಕೆ ಎರಡು ಮುರುಕು ಕತ್ತಿ ಮತ್ತು ಒಂದು ವೀರಗಲ್ಲು. ಮೇಷ್ಟ್ರು ಮೈಸೂರಿಗೆ ಹತ್ತೊಂಬತ್ತು ಅರ್ಜಿ ಬರೆದು, ಮೂವತ್ತೆಂಟನೇ ಇಸವಿಯಲ್ಲಿ ಎಂಜಿನ್ನನ್ನೂ ಎಂಟು ಹಳೇ ಹಳಿಗಳನ್ನೂ ಮಂಜೂರು ಮಾಡಿಸಿಕೊಂಡಿದ್ದರು. ಎಂಟೇ ಹಳಿ, ಮೂರು ಫರ್ಲಾಂಗು ದಾರಿ. ಹಿಂದಿನ ಹಳಿ ಎತ್ತಿ ಮುಂದೆ ಹಾಕುವುದು, ಹಗ್ಗ ಹಿಡಿದು ಎಳೆಯುವುದು, ಮತ್ತೆ ಹಿಂದಿನದನ್ನು ಮುಂದೆ ಹಾಕುವುದು. ಹೀಗೆ ಹನ್ನೊಂದು ದಿನ. ಎಲ್ಲರೂ ತಾವಾಗಿಯೇ ಬಂದವರು. ರಾಮನಾಥಪುರದ ಹೊಗೆಸೊಪ್ಪಿನ ವ್ಯಾಪಾರಿಗಳೂ ಶಲ್ಯ ಸೊಂಟಕ್ಕೆ ಕಟ್ಟಿ ನಿಂತಿದ್ದರು. ಹಗ್ಗದಲ್ಲಿ ಯಾರ ಕೈಯ ಹಿಂದೆ ಯಾರ ಕೈ ಇದೆಯೆಂದು ಒಬ್ಬರೂ ವಿಚಾರಿಸಲಿಲ್ಲ. ಮೇಷ್ಟ್ರು ಅದನ್ನು ಕಂಡು ಒಳಗೊಳಗೇ ಹಿಗ್ಗಿದ್ದರು.

ಇವತ್ತು ಕೊನೆಯ ಇಳಿಜಾರು. ಕೆಳಗೆ ಶೆಡ್ಡಿನ ಮುಂದೆ ಚಪ್ಪರ. ಎಂಜಿನ್ನು ನೇರವಾಗಿ ಕಾಣಲೆಂದು, ಉದ್ಘಾಟನೆಗೆ ಬಂದಿದ್ದ ಅಮಲ್ದಾರರ ಕುರ್ಚಿಯನ್ನು ಎರಡು ಹಳಿಗಳ ನಡುವೆಯೇ ಹಾಕಿದ್ದರು. ಎಂಜಿನ್ನನ್ನು ಮೇಲೆ ನಿಲ್ಲಿಸಿ, ನಾಲ್ಕು ಗಾಲಿಗೂ ಮರದ ಬೆಣೆ ಕೊಟ್ಟು, ಚೆನ್ನಯ್ಯ ಬ್ರೇಕು ಬಿಗಿಯಲು ಒಳಗೆ ಹತ್ತಿದ. ಅಷ್ಟರಲ್ಲಿ ಹಳೇಕೋಟೆಯ ಪಟೇಲ ನಂಜಯ್ಯನವರು ಹಾರ ಹಾಕಿಸಿಯೇಬಿಟ್ಟರು.

"ಇಳಿಯೋ ಚೆನ್ನ, ದೇವ್ರಾಯ್ತು."

"ಬ್ರೇಕು ಬಿಗೀಬೇಕು ಬುದ್ಧಿ. ಒಂದ್ ಗಳಿಗೆ."

"ಅದೆಲ್ಲ ಆಮೇಕೆ. ದೂರ ನಿಂತ್ಕೊ. ಇನ್ಮೇಕೆ ಮುಟ್ಬ್ಯಾಡ."

ಚೆನ್ನಯ್ಯ ಮೇಷ್ಟ್ರ ಮುಖ ನೋಡಿದ. ಇದು ದೇವರಲ್ಲ, ಪ್ರದರ್ಶನದ ವಸ್ತು ಎನ್ನುವ ಮಾತು ಮೇಷ್ಟ್ರ ಬಾಯಿಗೆ ಬಂದಿತ್ತು. ಆದರೆ ಅಮಲ್ದಾರರು ಆಗಲೇ ಎರಡು ಸಲ ಗಡಿಯಾರ ನೋಡಿದ್ದರು. "ಪೂಜೆ ಒಂದು ಮುಗೀಲಿ ಚೆನ್ನಯ್ಯ," ಎಂದುಬಿಟ್ಟರು ಮೇಷ್ಟ್ರು. ಹೇಳಿದ ಮೇಲೆ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಚೆನ್ನಯ್ಯ ಇಳಿದು ಬೇಲಿಯ ಪಕ್ಕ ಹೋಗಿ ನಿಂತ.

ಗಾಲಿಗೊಂದು ನಿಂಬೆಹಣ್ಣು ಇಡಬೇಕಿತ್ತು. ಇಡುವ ಜಾಗದಲ್ಲಿ ಬೆಣೆಗಳಿದ್ದವು. "ಶಾಸ್ತ್ರಕ್ಕೆ ಅಡ್ಡ ಬತ್ತವೆ, ತೆಗೀರ್ಲಾ ಅವ್ನ," ಎಂದರು ಪಟೇಲರು. "ತೆಗೀಬ್ಯಾಡಿ ಬುದ್ಧೀ!" ಎಂದು ಚೆನ್ನಯ್ಯ ಬೇಲಿಯಿಂದ ಕೂಗಿದ. ಅವನನ್ನು ನಿಲ್ಲಿಸಿದ್ದ ದೂರ, ಕೇಳಿಸಲಿಲ್ಲ ಎಂದು ಹೇಳಿಕೊಳ್ಳಲು ಸಾಕಾಗುವಷ್ಟಿತ್ತು. ಸುತ್ತಿಗೆಯಿಂದ ಹೊಡೆದು ಒಂದೊಂದೇ ಬೆಣೆ ತೆಗೆದರು, ಒಂದೊಂದೇ ಹಣ್ಣು ಇಟ್ಟರು. ಹತ್ತು ಟನ್ನಿನ ಎಂಜಿನ್ನನ್ನು ಈಗ ನಾಲ್ಕು ನಿಂಬೆಹಣ್ಣು ತಡೆಯಬೇಕಾಗಿತ್ತು. ಅವು ತಡೆಯಲಿಲ್ಲ.

ಎಂಜಿನ್ನಿಗೆ ಅವಸರವೇನೂ ಇರಲಿಲ್ಲ. ಊಟ ಮಾಡಿ ಅಡ್ಡಾಡಲು ಹೊರಟವರ ಹಾಗೆ ಚಪ್ಪರದ ಕಡೆ ಹೊರಟಿತು. "ಹಿಡೀರ್ಲಾ!" ಎಂದು ಪಟೇಲರು ಕೂಗಿದರು. ಹಿಡಿದವರ ಕೈಗೆ ಹಾರ ಬಂತು. ಚೆನ್ನಯ್ಯ ಮಾತ್ರ ಎಂಜಿನ್ನಿನ ಜೊತೆಜೊತೆಗೇ, ನಾಲ್ಕು ಮಾರು ದೂರದಲ್ಲಿ, ನಡೆಯುತ್ತಿದ್ದ.

"ಲೇ ಚೆನ್ನ, ಬ್ರೇಕು ಹಾಕ್ಲಾ!"

"ಮುಟ್ಬೋದಾ ಬುದ್ಧಿ?"

"ಮುಟ್ಲಾ!"

"ಮೇಷ್ಟ್ರೂ ಒಂದ್ ಮಾತು ಯೋಳ್ಬುಡ್ಲಿ."

"ಮುಟ್ಟೋ ಮಾರಾಯ!" ಮೇಷ್ಟ್ರು ಕಿರುಚಿದರು. ಇಪ್ಪತ್ತು ವರ್ಷದ ಮೇಷ್ಟರಿಕೆಯಲ್ಲಿ ಅವರ ದನಿ ಅಷ್ಟು ದೂರ ಹೋಗಿದ್ದೇ ಇಲ್ಲ.

ಚೆನ್ನಯ್ಯ ಒಂದೇ ನೆಗೆತಕ್ಕೆ ಹತ್ತಿದ. ಕಬ್ಬಿಣ ಕಿರ್ರೆಂದಿತು. ಎಂಜಿನ್ನು ಕುರ್ಚಿಗೆ ಎರಡು ಮೊಳ ಉಳಿದಿರುವಾಗ ನಿಂತಿತು. ಕುರ್ಚಿಯಲ್ಲಿ ಅಮಲ್ದಾರರಿರಲಿಲ್ಲ, ಶೆಡ್ಡಿನೊಳಗೆ ವೀರಗಲ್ಲಿನ ಪಕ್ಕದಲ್ಲಿದ್ದರು.

ಪಟೇಲರು ಬೆವರು ಒರೆಸಿಕೊಂಡರು. "ಸರಿ, ಇನ್ನು ಇಳಿ. ಗಂಜಲ ಚಿಮುಕಿಸಿ ಮತ್ತೆ ಪೂಜೆ ಮಾಡ್ಬೇಕು."

"ಇಳಿಯಾಕಾಗಕಿಲ್ಲ ಬುದ್ಧಿ," ಒಳಗಿನಿಂದ ಚೆನ್ನಯ್ಯ ಹೇಳಿದ. "ಕೈ ಬುಟ್ರೆ ಒಂಟೋಯ್ತದೆ."

ಬೆಣೆಗಳನ್ನು ಹುಡುಕಿದರು. ಅವು ಆಗಲೇ ಸಜ್ಜಿಗೆಯ ಒಲೆಗೆ ಹೋಗಿ, ಚೆನ್ನಾಗಿ ಉರಿಯುತ್ತಿದ್ದವು. ಅರ್ಚಕರು ಆರತಿ ತಟ್ಟೆ ಹಿಡಿದು ಪಟೇಲರನ್ನು ನೋಡಿದರು, ಪಟೇಲರು ಮೇಷ್ಟ್ರನ್ನು ನೋಡಿದರು. "ನೀವೇ ಒಸಿ ಹತ್ತಿ ನೋಡಿ ಮೇಷ್ಟ್ರೇ."

ಮೇಷ್ಟ್ರು ಮೆಟ್ಟಿಲು ಹತ್ತಿ ಇಣುಕಿದರು. ಬ್ರೇಕಿನ ಚಕ್ರವನ್ನು ಕೊನೆಯ ಸುತ್ತಿನ ತನಕ ಬಿಗಿದಾಗಿತ್ತು. ಇನ್ನು ಆನೆ ಬಂದು ತಳ್ಳಿದರೂ ಎಂಜಿನ್ನು ಅಲ್ಲಾಡುವಂತಿರಲಿಲ್ಲ. ಚೆನ್ನಯ್ಯ ಡ್ರೈವರು ಕೂರುವ ಜಾಗದಲ್ಲಿ ಕಾಲು ನೀಡಿ ಕೂತು, ಎರಡೂ ಕೈಯಿಂದ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ. ಮೇಷ್ಟ್ರನ್ನು ಕಂಡ. ಸವರುವುದನ್ನು ನಿಲ್ಲಿಸಲಿಲ್ಲ.

"ಏನ್ ಮೇಷ್ಟ್ರೇ, ಹಿಡ್ಕಂಡವ್ನಾ?" ಕೆಳಗಿನಿಂದ ಪಟೇಲರು ಕೇಳಿದರು.

"ಬಿಗಿಯಾಗಿ ಹಿಡ್ಕೊಂಡಿದ್ದಾನೆ," ಎಂದರು ಮೇಷ್ಟ್ರು. "ಕೈ ಬಿಡೋ ಹಾಗೇ ಇಲ್ಲ. ಆರತಿ ಬೆಳಗಿ."