ಮೂರನೇ ಕ್ಲಾಸಿನ ಸರ್ವೆ

ಹಗ್ಗದ ಒಂದು ತುದಿ ಮುನಿವೆಂಕಟಮ್ಮನ ಬೇಲಿಗೆ ಮುಟ್ಟಿತು, ಇನ್ನೊಂದು ತುದಿ ಎದುರುಗಡೆ ರಾಮಾಂಜಿನಪ್ಪನ ತಿಪ್ಪೆಯ ಬುಡಕ್ಕೆ. ನಡುವೆ ನಿಂತ ಮೂರನೇ ಕ್ಲಾಸಿನ ಮಕ್ಕಳು ಮೊಳ ಹಾಕಿ ಕೂಗುತ್ತಿದ್ದರು. ಟೀಚರ್ ಬನಶಂಕರಿ ಹಾಳೆಯ ಮೇಲೆ ಗೆರೆ ಎಳೆದುಕೊಳ್ಳುತ್ತಿದ್ದಳು. ಜಗುಲಿಯ ಮೇಲೆ ರಾಗಿ ಕೇರುತ್ತಿದ್ದ ಮುನಿವೆಂಕಟಮ್ಮನ ಮೊರ ಅಲ್ಲೇ ನಿಂತಿತು.

"ಏನವ್ವಾ ಅದು ಅಳೀತಿರೋದು?"

"ಬೀದಿ ಅಳೀತಿದೀವಿ ಅಮ್ಮಾ. ಊರಿನ ನಕ್ಷೆ ಬರೀಬೇಕು. ಆಮೇಲೆ ಸಾಹೇಬ್ರು ಬಂದು ನೋಡ್ತಾರೆ."

ಬನಶಂಕರಿ ಹೇಳಿದ್ದು ಶಾಲಾ ಇನ್ಸ್‌ಪೆಕ್ಟರ ವಿಷಯ. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗಿ, ಕುಂದಾಣದ ಆಚೆಯ ಈ ಹಳ್ಳಿಗೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಮೂರನೇ ತರಗತಿಗೆ ಮೊದಲ ಟರ್ಮಿನಲ್ಲಿ 'ನಮ್ಮ ಊರಿನ ನಕ್ಷೆ' ಎಂದಿತ್ತು, ಅವಳು ಮಕ್ಕಳನ್ನು ಬೀದಿಗೆ ಕರೆತಂದಿದ್ದಳು, ಅಷ್ಟೆ. ಆದರೆ ಮುನಿವೆಂಕಟಮ್ಮನ ಕಿವಿಗೆ ಬಿದ್ದದ್ದು ನಕ್ಷೆ, ಸಾಹೇಬರು ಎಂಬ ಎರಡೇ ಮಾತು. ಇದು ಸರ್ಕಾರದ ಸರ್ವೆಯೇ ಎಂದು ಅವಳು ಹೆದರಿದಳು. ಯಾಕೆಂದರೆ ಅವಳ ಜಾಲಿಮುಳ್ಳಿನ ಬೇಲಿ ಪ್ರತಿ ಸಲ ಹೊಸದಾಗಿ ಕಟ್ಟಿದಾಗಲೂ ಬೀದಿಯೊಳಕ್ಕೆ ಒಂದು ಹೆಜ್ಜೆ ಸರಿಯುತ್ತಿತ್ತು. ಆ ಕಡೆಯಿಂದ ತಿಪ್ಪೆಯೂ ಸುಮ್ಮನೆ ಕೂತಿರಲಿಲ್ಲ. ಈಗ ಬೀದಿಯಲ್ಲಿ ಗಾಡಿ ಹೋಗುವಂತಿರಲಿಲ್ಲ. ಸ್ಕೂಲಿಗೆ ಹೋಗುವ ಮಕ್ಕಳ ಅಂಗಿಯ ಚೂರುಗಳು ಮುಳ್ಳಿನಲ್ಲಿ ನೇತಾಡುತ್ತಿದ್ದವು. ಪಂಚಾಯ್ತಿಯವರು ಕೇಳಲು ಬಂದು, ಅವಳ ಬಾಯಿಗೆ ಹೆದರಿ, ಮಜ್ಜಿಗೆ ಕುಡಿದು ಎದ್ದು ಹೋಗಿದ್ದರು.

ಅವತ್ತೇ ಸಂಜೆ ಮುನಿವೆಂಕಟಮ್ಮ ಸೊಸೆ ನರಸಮ್ಮನನ್ನು ಕಟ್ಟಿಕೊಂಡು ಬೇಲಿ ಕಿತ್ತು ಹಿಂದಕ್ಕೆ ಹಾಕಿದಳು. ಅದರ ಮೇಲೆ ಹಬ್ಬಿ ಹೂ ಬಿಟ್ಟಿದ್ದ ಹೀರೆಬಳ್ಳಿ ಬುಡಸಮೇತ ಕಿತ್ತು ಬಂತು. ಅವಳಿಗೆ ಅಳುವೇ ಬಂದುಬಿಟ್ಟಿತು.

ಮಾರನೇ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅವಳು ಸ್ಕೂಲಿನ ಬಾಗಿಲಲ್ಲಿದ್ದಳು.

"ನಂದು ನಾನು ತೆಗೆದ್ಬಿಟ್ಟೆ ಕಣವ್ವಾ. ಸಾಹೇಬ್ರಿಗೆ ಅದನ್ನೂ ಬರ್ಕೊಂಡ್ಬಿಡು."

ಬನಶಂಕರಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಓಡಿಬಂದು ಅವಳ ಕೈ ಹಿಡಿದುಕೊಂಡಳು. "ಅಯ್ಯೋ ಅಮ್ಮಾ, ಅದು ಸರ್ವೆ ಅಲ್ಲ. ಮಕ್ಕಳ ಪಾಠ! ಬನ್ನಿ ಒಳಗೆ, ನೀವೇ ನೋಡಿ."

ಗೋಡೆಯ ತುಂಬ ಮಕ್ಕಳು ಬರೆದ ನಕ್ಷೆಗಳು. ಒಂದರಲ್ಲಿ ಗುಡಿಗಿಂತ ನಾಯಿ ದೊಡ್ಡದಾಗಿತ್ತು. ಇನ್ನೊಂದರಲ್ಲಿ ಮನೆಯ ಮುಂದೆ ಒಬ್ಬ ಹೆಂಗಸು, ಮುಖದ ತುಂಬ ಬರೀ ಬಾಯಿ.

"ಇದ್ಯಾರು?"

"ನೀನೇ ಅಜ್ಜಿ," ಎಂದಿತು ಮುಂದೆ ಕೂತಿದ್ದ ಹುಡುಗಿ.

"ನನ್ನ ಬಾಯಿ ಇಷ್ಟು ದೊಡ್ಡದಾ?"

"ಬೈತಿದೀಯಲ್ಲಾ, ಅದಕ್ಕೆ."

ಮುನಿವೆಂಕಟಮ್ಮ ಹೊಸಿಲ ಮೇಲೆ ಕೂತುಬಿಟ್ಟಳು. "ಹೂ ಬಿಟ್ಟಿದ್ದ ಬಳ್ಳಿ ಕಣೇ ನಮ್ಮವ್ವಾ…" ಎಂದಳು. ಈ ಬಾಯಿ ಊರೆಲ್ಲ ಸುತ್ತಿದರೆ ತಾನು ದಸರಾದೊಳಗೆ ಗಂಟುಮೂಟೆ ಕಟ್ಟಬೇಕು ಎಂದು ಬನಶಂಕರಿಗೆ ಖಾತ್ರಿಯಾಯಿತು.

"ನಾನೇ ಬಂದು ಬೇಲಿ ಮುಂಚೆ ಇದ್ದ ಜಾಗದಲ್ಲೇ ಕಟ್ಟಿಕೊಡ್ತೀನಿ ಅಮ್ಮಾ. ಯಾರೂ ಏನೂ ಅನ್ನಲ್ಲ."

ಮುನಿವೆಂಕಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಯ ನಕ್ಷೆಗಳನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಆಚೀಚೆ ನೋಡಿ ದನಿ ತಗ್ಗಿಸಿದಳು.

"ಇದು ಪಾಠ ಅಂತ ರಾಮಾಂಜಿನಪ್ಪಂಗೆ ಗೊತ್ತಾ?"

"ಇಲ್ಲಮ್ಮಾ. ಅವರೇನೂ ಕೇಳಲಿಲ್ಲ."

"ಹೇಳ್ಬೇಡ."

ಸ್ಕೂಲಿನಿಂದ ನೇರ ಅವಳು ರಾಮಾಂಜಿನಪ್ಪನ ಮನೆಗೆ ಹೋದಳು. "ಕಣ್ಣಾರೆ ನೋಡ್ಕೊಂಡ್ ಬಂದೆ ಕಣಪ್ಪಾ, ನಕ್ಷೇಲಿ ನಿನ್ ತಿಪ್ಪೇನೂ ಬರ್ದವ್ರೆ," ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದು ಮಗು ಅದನ್ನು ನಂದಿಬೆಟ್ಟಕ್ಕಿಂತ ಎತ್ತರವಾಗಿ ಬರೆದಿತ್ತು. ರಾಮಾಂಜಿನಪ್ಪ ಊಟ ಅರ್ಧಕ್ಕೆ ಬಿಟ್ಟು ಎದ್ದ. ಕತ್ತಲಾಗುವಷ್ಟರಲ್ಲಿ ತಿಪ್ಪೆ ಹೊಲ ಸೇರಿತ್ತು. ಸುದ್ದಿ ಬೀದಿಯುದ್ದಕ್ಕೂ ಹರಿದು, ಜಗುಲಿ ಚಾಚಿದ್ದವರು ಜಗುಲಿ ಕಿತ್ತರು, ದನದ ಗೂಟ ನೆಟ್ಟಿದ್ದವರು ಗೂಟ ಕಿತ್ತರು. ವಾರ ಕಳೆಯುವುದರೊಳಗೆ ಆ ಬೀದಿಯಲ್ಲಿ ಎತ್ತಿನ ಗಾಡಿಯೊಂದು ಗಂಟೆ ಆಡಿಸಿಕೊಂಡು ಹೋಯಿತು. ಮಕ್ಕಳು ಅದರ ಹಿಂದೆ ಓಡಿದರು.

ಆ ಶನಿವಾರ ಬನಶಂಕರಿ ಮಕ್ಕಳನ್ನು ಕರೆದುಕೊಂಡು ಮುನಿವೆಂಕಟಮ್ಮನ ಹೊಸ ಬೇಲಿಯ ಹತ್ತಿರ ಬಂದಳು. ಎಲ್ಲರ ಅಂಗೈಯಲ್ಲೂ ಹೀರೆಬೀಜ. ಮಣ್ಣು ಕೆದಕಿ, ಬೀಜ ಊರಿ, ಚೊಂಬಿನಲ್ಲಿ ನೀರು ಹಾಕಿದರು. ಮುನಿವೆಂಕಟಮ್ಮನೂ ಅವರ ಜೊತೆ ಕುಕ್ಕರುಗಾಲಲ್ಲಿ ಕೂತು, ಆಳ ಸಾಲದು ಎಂದು ಬೈಯುತ್ತ, ತಾನೂ ನಾಲ್ಕು ಬೀಜ ಊರಿದಳು.

"ಇದೂ ಪಾಠವೇನೇ ತಾಯಿ?"

"ಇದೂ ಪಾಠವೇ ಅಮ್ಮಾ. ಬೀಜ ಮೊಳೆಯೋದು ಹೇಗೆ ಅಂತ."

"ಹಂಗಾದ್ರೆ ದಸರಾ ಕಳೆದ ಮೇಲೆ ಏನು?"

"ಮುಂದಿನ ಟರ್ಮಿಗೆ ತೂಕ ಅಳತೆ. ಸೇರು ಹೋಗಿ ಕಿಲೋ ಬಂತಲ್ಲ, ಮಕ್ಕಳನ್ನ ಅಂಗಡಿಗೆ ಕರ್ಕೊಂಡು ಹೋಗಿ ತಕ್ಕಡಿ, ತೂಕದ ಕಲ್ಲು ಎಲ್ಲಾ ತೋರಿಸ್ಬೇಕು."

ಊರಿನಲ್ಲಿದ್ದದ್ದು ಒಂದೇ ಅಂಗಡಿ, ಸೀನಪ್ಪನದು. ಅವನ ಕಿಲೋ ಯಾವತ್ತೂ ಪೂರ್ತಿ ಕಿಲೋ ಆಗಿರಲಿಲ್ಲ. ಮುನಿವೆಂಕಟಮ್ಮ ಕೈಯ ಮಣ್ಣು ಕೊಡವಿಕೊಂಡು ಎದ್ದು, ಸೆರಗನ್ನು ಸೊಂಟಕ್ಕೆ ಬಿಗಿದಳು.

"ನೀನು ಸುಮ್ಕಿರು ತಾಯಿ. ಸೀನಪ್ಪಂಗೆ ನಾನೇ ಹೇಳ್ತೀನಿ."