ಹನ್ನೆರಡು ಅಂಶಗಳ ಮನವಿ

ಈ ಸಂಗತಿಯನ್ನು ಗದಿಗೆಪ್ಪನವರೇ ಹೇಳಿಕೊಂಡು, ಕೇಳುವವರಿಗಿಂತ ಮೊದಲು ತಾವೇ ನಗುತ್ತಾರೆ. ಹಳ್ಳದಾಚೆಯ ಶಾಲೆಗೆ ಊರಿನ ಮಕ್ಕಳು ಸೊಂಟಮಟ್ಟದ ನೀರಿನಲ್ಲಿ ಕೈಕೈ ಹಿಡಿದು ದಾಟಿ ಹೋಗುತ್ತಿದ್ದ ಕಾಲವದು. ಜನಪ್ರತಿನಿಧಿಗಳೊಡನೆ ಮಾತನಾಡುವ ವಿದ್ಯೆ ಆ ಸೀಮೆಯಲ್ಲಿ ತಮಗೊಬ್ಬರಿಗೇ ಒಲಿದಿದೆ ಎಂದು ನಂಬಿದ್ದ ಅವರು, ಕಾಲುಸೇತುವೆಗಾಗಿ ಹನ್ನೆರಡು ಅಂಶಗಳ ಮನವಿ ಬರೆದು, ನೆರೆಮನೆಯ ಕಲ್ಲವ್ವನೊಡನೆ ಹೊಸ ಶಾಸಕರ ಮುಂದೆ ನಿಂತರು.

ಮೊದಲ ಅಂಶ ಮುಗಿಯುವಷ್ಟರಲ್ಲೇ ಶಾಸಕರು ಪೆನ್ನು ತೆರೆದರು. “ಸಾಕ್ರೀ ಹಿರಿಯರ, ಸೇತುವೆ ಮಾಡಿಸೂಣು. ಕೊಡ್ರಿ ಇಲ್ಲೆ, ಸಹಿ ಹಾಕ್ತೀನಿ.”

“ಇನ್ನೂ ಹನ್ನೊಂದು ಅದಾವ್ರಿ.”

ಕಲ್ಲವ್ವ ಅವರ ಅಂಗಿ ಜಗ್ಗಿದಳು. “ಆತಂದಾರಲ್ಲೋ ಯಣ್ಣಾ! ಕಾಗದ ಕೊಟ್ಟು ಕೈ ಮುಗಿ.”

“ಸುಮ್ನಿರವ್ವಾ. ಅರ್ಧಕ್ಕ ನಿಲ್ಲಿಸಿದ್ರ ಮನವಿಗೆ ಮರ್ಯಾದಿ ಇರೂದಿಲ್ಲ.”

ಅವರು ಓದುತ್ತಲೇ ಹೋದರು. ಶಾಸಕರು ಆಕಳಿಸಿದರು, ಗಡಿಯಾರ ನೋಡಿದರು, ಒಂಬತ್ತನೆಯ ಅಂಶಕ್ಕೆ ಮಾತ್ರ ನೆಟ್ಟಗೆ ಕುಳಿತರು.

“ಏನಂದ್ರಿ? ಅಡಿಗಲ್ಲು ಆಗಲೇ ಹಾಕ್ಯಾರೇನ್ರಿ? ಕಲ್ಲಿನ ಮ್ಯಾಲ ಯಾರ ಹೆಸರೈತಿ?”

ಕಡೆಗೂ ಒಬ್ಬರು ಗಮನವಿಟ್ಟು ಕೇಳಿದರಲ್ಲ ಎಂದು ಹಿಗ್ಗಿದ ಗದಿಗೆಪ್ಪನವರು, ಜೋಪಾನವಾಗಿ ತಂದಿದ್ದ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ, ಆ ಸಲದ ಚುನಾವಣೆಯಲ್ಲಿ ಸೋತ ಹಿಂದಿನ ಶಾಸಕರು ಕೊರಳ ತುಂಬ ಹಾರ ಹಾಕಿಕೊಂಡು, ತಮ್ಮ ಹೆಸರಿನ ಕಲ್ಲಿನ ಪಕ್ಕ ಗುದ್ದಲಿ ಹಿಡಿದು ನಗುತ್ತಿದ್ದರು.

ಹೊಸ ಶಾಸಕರು ಫೋಟೋವನ್ನು ಬೋರಲು ಹಾಕಿ, ಪೆನ್ನನ್ನು ಜೇಬಿಗೆ ಸೇರಿಸಿದರು.

“ಮುಂದಿನವರನ್ನ ಕರೀರಿ.”