ಸಡಿಲವಾಗಿದ್ದ ದಾರ

ಕಾಯಿಲೆ ಬಲಿತವರ ಕಣಕಾಲಿಗೆ ಆಸ್ಪತ್ರೆಯವರು ದಾರ ಕಟ್ಟಿ ಹೋಗುತ್ತಿದ್ದರು. ಕಾಲು ಊದಿ ಬಿಗಿದರೆ ದಾರ ತಾನೇ ಕೂಗುತ್ತಿತ್ತು. ಕೂಗಿಗೆ ಬಂಡಿ ಬಂದು ರೋಗಿಯನ್ನು ನೀರುಮನೆಯೆಂಬ ವಾರ್ಡಿಗೆ ಒಯ್ಯುತ್ತಿತ್ತು. ಅಲ್ಲಿಂದ ಯಾರೂ ಮನೆಗೆ ಮರಳಿದ್ದಿಲ್ಲ.

ಹೂ ಕಟ್ಟುವ ದ್ಯಾವೀರಮ್ಮ ಬೆಳಿಗ್ಗೆ ಗಂಡನ ಹೊದಿಕೆ ಸರಿಸಿದಳು. ಕಾಲ ಕೆಳಗೆ ಹಾಸಿಗೆ ಒದ್ದೆ. ದಾರ ಮಾತ್ರ ಸಡಿಲ. ಮೂರು ದಿನದಿಂದ ದಾರ ಹೀಗೆಯೇ.

"ಇದೇನ್ರೀ ಒದ್ದೆ?"

"ತಂಬಿಗೆ ಉರುಳ್ತು ಕಣೇ," ಎಂದ ಚಿಕ್ಕೀರಪ್ಪ, ಗೋಡೆ ನೋಡುತ್ತ.

ತಂಬಿಗೆ ಮೂಲೆಯಲ್ಲಿ ತುಂಬಿಕೊಂಡು ನೆಟ್ಟಗೆ ಕೂತಿತ್ತು. ಅವಳು ದಾರಕ್ಕೆ ಬೆರಳಿಟ್ಟಳು. ಐವತ್ತು ವರ್ಷ ಮಲ್ಲಿಗೆ ಕಟ್ಟಿದ ಬೆರಳಿಗೆ ತಿಳಿಯದೇ? ಗಂಟು ಆಸ್ಪತ್ರೆಯವರದಲ್ಲ. ಪಕ್ಕದಲ್ಲೇ ದಾರ ಮೊದಲು ಒತ್ತಿದ್ದ ಗೆರೆ ಆಳವಾಗಿ ಉಳಿದು, ನೀರು ಜಿನುಗುತ್ತಿತ್ತು.

"ನನ್ನ ಕಣ್ಣಿಗೇ ಮಣ್ಣೆರಚ್ತೀರಾ? ಬಿಚ್ಚಿ ಕಟ್ಟಿದ್ಯಾರು?"

"ನಾನೇ. ಇಲ್ಲೇ ಇರ್ತೀನಿ ಬಿಡೇ."

ಅಷ್ಟರಲ್ಲಿ ತಪಾಸಣೆಯ ನರ್ಸು ಬಾಗಿಲು ಬಡಿದಳು. ದ್ಯಾವೀರಮ್ಮ ಅವನ ಒಡ್ಡೊಡ್ಡಾದ ಗಂಟನ್ನು ಬಿಚ್ಚಿ, ಥೇಟ್ ಆಸ್ಪತ್ರೆಯ ಗಂಟಿನ ಹಾಗೆ, ಇನ್ನಷ್ಟು ಸಡಿಲವಾಗಿ ಕಟ್ಟಿದಳು. ಆಮೇಲೆ ತಂಬಿಗೆ ತಂದು ಅವನ ಕಾಲ ಬಳಿ ಬೋರಲು ಹಾಕಿದಳು.

"ಬನ್ನಿ ತಾಯಿ, ನೋಡ್ಕೊಂಡು ಕಾಲಿಡಿ. ತಂಬಿಗೆ ಉರುಳಿದೆ."